ಎತ್ತಿಟ್ಟ ಕಾಯಿ

ಬೆಳಗ್ಗೆ ಆರಕ್ಕೆ ಎರಡು ಚೀಲ ಇಳಿಯುತ್ತವೆ
ರೈಲ್ವೆ ಗೇಟಿನ ಈಚೆ, ನಮ್ಮ ಕಟ್ಟೆಯ ಮೇಲೆ.
ಒಂದು ನಾಲೆ ಕಡೆಯದು, ಒಂದು ಜಗಳೂರು ದಿಕ್ಕಿನದು.
ಚೀಲ ಬೇರೆ, ಹಸಿರು ಒಂದೇ.
ಸುರಿದು ಕಲೆಸಿದರೆ ಮುಗೀತು,
ಯಾವ ಕೂಸು ಯಾರದೋ.

ನಾನು ಸೀಳುವವಳು.
ತೊಟ್ಟು ಬಿಡಬೇಕು, ತುದಿ ಬಿಡಬೇಕು,
ನಡುವೆ ಒಂದು ಗೆರೆ, ಲಕೋಟೆ ಬಿಚ್ಚಿದ ಹಾಗೆ,
ಹರಿಯಬಾರದು.
ಒಳಗೆ ಪುಟಾಣಿ ಹಿಟ್ಟು, ಹುಣಸೆ, ಜೀರಿಗೆ, ಓಂಕಾಳು,
ಉಪ್ಪು ನನ್ನ ಕೈಯಳತೆ.
ಕಡಲೆಹಿಟ್ಟಿನ ಅಂಗಿ ತೊಡಿಸಿ ಎಣ್ಣೆಗಿಳಿಸುವುದು ಹಾಲೇಶಿ ಪಾಳಿ.
ಖೈರುನ್ನಿಸಾಳ ಭಟ್ಟಿಯಿಂದ ಬಂದ ಮಂಡಕ್ಕಿ
ಬುಟ್ಟಿಯಲ್ಲಿ ಇನ್ನೂ ಬೆಚ್ಚಗಿರುತ್ತದೆ.

ಬೀಜದಲ್ಲಿ ಖಾರ ಅಂತಾರೆ ಜನ.
ಅಲ್ಲ. ಬೀಜ ಜೋತುಬಿದ್ದ ಆ ಬಿಳಿ ನಾರು ಇದೆಯಲ್ಲ,
ನಡುಮನೆಯಲ್ಲಿ ಮಾತಾಡದೆ ಕೂತಿರುತ್ತದಲ್ಲ,
ಎಲ್ಲ ಅದರದ್ದೇ.
ಬೀಜ ಬರೀ ಒರಗಿಕೊಂಡು ಹೆಸರು ಕೆಡಿಸಿಕೊಂಡಿದೆ.
ಹನ್ನೊಂದು ವರ್ಷದಿಂದ ನನ್ನ ಹೆಬ್ಬೆರಳಿಗೆ ಗೊತ್ತು.
ರಾತ್ರಿ ಮಗಳ ಕಣ್ಣೊರೆಸಲು ಮೊಣಕೈ ಬಳಸುವವಳಿಗೆ
ಯಾರೂ ಹೇಳಿಕೊಡಬೇಕಿಲ್ಲ.

ನೀರುಂಡ ಗಿಡದ ಕಾಯಿ ಸಪ್ಪೆ, ಬಾಯಾರಿದ್ದರದು ಉರಿ.
'ಕಷ್ಟ ಕಂಡದ್ದಕ್ಕೇ ಖಾರ ಕಣಮ್ಮ, ಮನುಷ್ಯರ ಹಂಗೇ'
ಅಂದರು ಸಿದ್ದವೀರಪ್ಪ ಮೇಷ್ಟ್ರು, ಎರಡನೇ ಪ್ಲೇಟು ಹಿಡಿದು.
ಕಷ್ಟ ಕಂಡೂ ಕಂಡೂ ಸಪ್ಪೆಯಾದವರು
ನಮ್ಮ ಓಣಿಯಲ್ಲೇ ಏಳು ಜನ ಇದ್ದಾರೆ, ಸಾರ್.
ಒಂದೇ ಗಿಡ, ಒಂದೇ ಕೊಂಬೆ, ಎರಡು ಕಾಯಿ:
ಒಂದು ಸೌತೆಕಾಯಿ, ಇನ್ನೊಂದು ಕೆಂಡ.
ಅದಕ್ಕೇನಂತೀರಿ?
ಅವರೇನೂ ಅನ್ನಲಿಲ್ಲ.
ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರು.

ಹಾಲೇಶಿಗೆ ಹೋದ ವರ್ಷದ ಆಚೆ ವರ್ಷ ಜ್ವರ ಬಂತು.
ಹೋಗುವಾಗ ನಾಲಿಗೆ ಒಯ್ದಿತು.
ಬೆಲ್ಲ ಮಣ್ಣು, ಮಜ್ಜಿಗೆ ನೀರು.
ಎಣ್ಣೆ ಸೀದರೂ ಮೂಗಿಗೆ ಸುದ್ದಿಯಿಲ್ಲ,
ಬಣ್ಣ ನೋಡಿ ಬಜ್ಜಿ ಎತ್ತುತ್ತಾನೆ.
ಊಟಕ್ಕೆ ಕೂತರೆ ಅರ್ಜಿ ತುಂಬುವವನ ಮುಖ.
ರುಚಿ ಬರಬಹುದು, ಬರದೆಯೂ ಇರಬಹುದು
ಅಂದರು ದೊಡ್ಡಾಸ್ಪತ್ರೆಯಲ್ಲಿ.
ಖಾರ ಮಾತ್ರ ಹೋಗಿಲ್ಲ. ಖಾರ ರುಚಿಯಲ್ಲವಂತೆ.
ನೋವಂತೆ.

ಅವತ್ತಿನಿಂದ ದಿನಾ ಒಂದು ಕಾಯಿ ಎತ್ತಿಡುತ್ತೇನೆ.
ತೊಟ್ಟಿನ ಕೆಳಗೆ ಕಂದು ಗೀರು ಬಿದ್ದದ್ದು,
ಹೆತ್ತವಳ ಹೊಟ್ಟೆಯ ಗೀರಿನಂಥದ್ದು.
ಅದಕ್ಕೆ ಹುಣಸೆ ಇಲ್ಲ, ಹಿಟ್ಟಿನ ಅಂಗಿಯೂ ಇಲ್ಲ,
ಹಂಚಿನ ಮೇಲೆ ಹಾಗೇ ಬಾಡಿಸುತ್ತೇನೆ.
ಮಧ್ಯಾಹ್ನ ಮೂರಕ್ಕೆ,
ದಾವಣಗೆರೆ ಹಸಿದು ನಮ್ಮ ಕಡೆ ಹೊರಡುವ ಮೊದಲು,
ಕಾಗದದಲ್ಲಿಟ್ಟು ಕೊಟ್ಟು ಬೇರೆ ಕಡೆ ನೋಡುತ್ತೇನೆ.

ಕೆಲವು ದಿನ ಗೀರೆಲ್ಲ ಸುಳ್ಳು.
ಹುಲ್ಲು ಜಗಿದಂತೆ ಜಗಿದು
'ಪರವಾಗಿಲ್ಲ ಬಿಡು' ಅಂತಾನೆ.
ಆ ಪರವಾಗಿಲ್ಲ ಇದೆಯಲ್ಲ,
ಅದು ಬೆರಳ ಉರಿಗಿಂತ ಹೆಚ್ಚು ಹೊತ್ತು ಇರುತ್ತದೆ.

ಮೊನ್ನೆ ಬುಧವಾರ ಮರೆತೇಬಿಟ್ಟಿದ್ದೆ.
ಹರಪನಹಳ್ಳಿ ಬಸ್ಸಿನವರು ಇಪ್ಪತ್ತು ಪ್ಲೇಟು ಕೇಳಿದ್ದರು.
ರಾಶಿಯಲ್ಲಿ ಕೈಗೆ ಸಿಕ್ಕಿದ್ದನ್ನೇ ಬಾಡಿಸಿ ಕೊಟ್ಟೆ.
ನುಣ್ಣಗೆ, ಒಂದು ಗೀರಿಲ್ಲ,
ನಾಲೆ ನೀರು ಕುಡಿದು ಕೊಬ್ಬಿದ್ದೇ ಇರಬೇಕು.
ಎರಡನೇ ಕಡಿತಕ್ಕೆ ಅವನ ದವಡೆ ನಿಂತಿತು.
ಕಿವಿ ಕೆಂಪು, ಹಣೆ ಬೆವರು,
ಮೂಗು ಕಣ್ಣು ಒಟ್ಟಿಗೇ ಸುರಿಯತೊಡಗಿದವು.
'ಬಂತು' ಅಂದ.
'ಬಂತು ಕೊಟ್ರಿ, ಬಂತು.'
ನೀರು ಚಾಚಿದೆ, ತಳ್ಳಿದ.
ಗೂಡ್ಸ್ ಗಾಡಿ ಪೂರಾ ದಾಟುವವರೆಗೂ
ತೊಟ್ಟು ಹಿಡಿದೇ ನಿಂತಿದ್ದ, ನಗುತ್ತಿದ್ದನೋ ಏನೋ,
ಆ ಮುಖದಲ್ಲಿ ಗೊತ್ತಾಗುವಂತಿರಲಿಲ್ಲ.
ಗೇಟು ಎದ್ದಿತು. ಗಿರಾಕಿ ನುಗ್ಗಿದರು.

ಭಾನುವಾರ ಬಟ್ಟೆ ಒಗೆಯುವಾಗ
ಅವನ ಅಂಗಿ ಜೇಬಿನಲ್ಲಿ ಸಿಕ್ಕಿತು ಆ ತೊಟ್ಟು, ಒಣಗಿ ಸುರುಟಿ.
ಅತ್ತಿತ್ತ ನೋಡಿ ನಾಲಿಗೆಗಿಟ್ಟುಕೊಂಡೆ.
ಏನೂ ಇಲ್ಲ. ಬರೀ ತೊಟ್ಟು.
ಒಗೆಯುವ ಕಲ್ಲಿನ ಮೇಲೆ, ನೀರು ತಾಗದ ಕಡೆ,
ಸೋಪಿನ ಪಕ್ಕ ಇಟ್ಟೆ.